ದಾರಕ್ಕೆ ಕಟ್ಟಿದ ಪೆನ್ಸಿಲ್

ನಾನು ಮೇಷ್ಟರಾಗಿ ಸೇರಿದ ಮೊದಲ ಶಾಲೆಯ ಜಗಲಿಯಲ್ಲಿ ಗಾಜಿನ ಬಾಗಿಲಿನ ಬೋರ್ಡ್ ಇತ್ತು. ಬೀಗದ ಕೈ ಹೆಡ್‌ಮಾಸ್ಟರ ಜೇಬಿನಲ್ಲಿ. ಅಕ್ಷರ ದುಂಡಗಿದ್ದ ಇಬ್ಬರು ಮೂವರಿಂದ ತಿಂಗಳಿಗೊಮ್ಮೆ ಗೋಡೆ ಪತ್ರಿಕೆ ಬರೆಸಿ, ತಿದ್ದಿ, ಒಳಗಿಟ್ಟು ಬೀಗ ಹಾಕುತ್ತಿದ್ದೆವು. ಮಕ್ಕಳ ಪತ್ರಿಕೆ ಎಂದೇ ಅದರ ಹೆಸರು. ಮಕ್ಕಳ ಮಾತು ಮಾತ್ರ ಅದರಲ್ಲಿ ಒಂದೂ ಇರುತ್ತಿರಲಿಲ್ಲ.

ಗೋಡೆಯನ್ನು ನಿಜಕ್ಕೂ ಮಕ್ಕಳಿಗೆ ಬಿಟ್ಟುಕೊಟ್ಟವರು ಫ್ರಾನ್ಸಿನ ಸೆಲೆಸ್ಟಾಂ ಫ್ರೆನೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದ ಅವರು 1920ರಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಸೇರಿದರು. ಗಂಟೆಗಟ್ಟಲೆ ಪಾಠ ಹೇಳಲು ಉಸಿರು ಸಾಲದು. ಮಕ್ಕಳನ್ನು ಊರೊಳಗೆ, ಹೊಲದ ಕಡೆ ಕರೆದೊಯ್ದರು, ಕಂಡದ್ದನ್ನು ಬರೆಸಿದರು, ಅದನ್ನು ಮಕ್ಕಳ ಕೈಯಿಂದಲೇ ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು.

ಅವರ ಗೋಡೆ ಪತ್ರಿಕೆ ಅಂದರೆ ವಾರದ ಮೊದಲಿಗೆ ಖಾಲಿಯಾಗಿ ನೇತುಬೀಳುವ ಒಂದು ದೊಡ್ಡ ಹಾಳೆ. ನನಗೆ ಸರಿಬಾರದ್ದು, ನಾನು ಮೆಚ್ಚಿದ್ದು, ನನಗೆ ಬೇಕಾದ್ದು, ನಾನು ಮಾಡಿದ್ದು ಎಂಬ ಅಂಕಣಗಳು. ಯಾರು ಬೇಕಾದರೂ ಬರೆಯಬಹುದು, ಕೆಳಗೆ ಹೆಸರು ಹಾಕಲೇಬೇಕು. ಬರೆದದ್ದನ್ನು ಅಳಿಸುವಂತಿಲ್ಲ. ವಾರದ ಕೊನೆಗೆ ಸಭೆ ಸೇರಿ ಒಂದೊಂದನ್ನೂ ಗಟ್ಟಿಯಾಗಿ ಓದುವುದು, ದೂರು ಯಾರ ಮೇಲಿದೆಯೋ ಅವರು ಉತ್ತರ ಹೇಳುವುದು. ಈ ಸಭೆಯೇ ಅದರ ಜೀವ ಎಂದು ನಾನು ನಂಬಿದ್ದೇನೆ. ಕೇಳುವವರಿಲ್ಲದ ಬೋರ್ಡಿಗೆ ಮಗು ಎರಡನೇ ಸಲ ಬರೆಯುವುದಿಲ್ಲ.

ಮಕ್ಕಳನ್ನು ಹೀಗೆ ಮನಬಂದಂತೆ ಬರೆಯಲು ಬಿಟ್ಟದ್ದಕ್ಕೆ ಫ್ರೆನೆ ತೆತ್ತದ್ದು ಕಡಿಮೆಯಲ್ಲ. ಮುಂದೆ ಸಾಂ-ಪೋಲ್ ಊರಿನಲ್ಲಿದ್ದಾಗ, ಮೇಯರನ್ನು ಕೊಂದಂತೆ ಕಂಡ ಕನಸೊಂದನ್ನು ಒಬ್ಬ ಹುಡುಗ ಬರೆದಿದ್ದ. 1932ರಲ್ಲಿ ವಿರೋಧಿಗಳು ಅದನ್ನೇ ಪೋಸ್ಟರ್ ಮಾಡಿ ಊರ ಗೋಡೆಗಳಿಗೆ ಅಂಟಿಸಿದರು. ಫ್ರೆನೆ ಆ ಊರು ಬಿಡಬೇಕಾಯಿತು. 1935ರಲ್ಲಿ ವಾಂಸ್‌ನಲ್ಲಿ ಸ್ವಂತ ಶಾಲೆ ತೆರೆದರು.

ನಮ್ಮಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿ ಶುರುವಾದಾಗ ಕರಿಹಲಗೆ ಮಕ್ಕಳ ಎತ್ತರಕ್ಕೆ ಇಳಿಯಿತು; ಅವರ ಚಿತ್ರ, ಬರಹಗಳು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗಿದವು. ಅಂಥ ಕೋಣೆಯಲ್ಲೇ ನಾನು ಫ್ರೆನೆಯವರ ಹಾಳೆ ತೂಗುಹಾಕಿದೆ. ಮೊಳೆಗೆ ಸಣಬಿನ ದಾರ, ದಾರದ ತುದಿಗೆ ಪೆನ್ಸಿಲ್. ಮೂರು ದಿನ ಯಾರೂ ಹತ್ತಿರ ಸುಳಿಯಲಿಲ್ಲ. ನಾಲ್ಕನೇ ದಿನ ಮೊದಲ ಅಂಕಣದಲ್ಲಿ ಒತ್ತಿ ಒತ್ತಿ ಬರೆದ ಸಾಲು: "ಮೇಷ್ಟ್ರು ನನ್ನ ಕುಳ್ಳಿ ಅಂತಾರೆ. ಹೆಸರು ಕರೀಬೇಕು." ಕೆಳಗೆ ಇನಿಶಿಯಲ್ ಸಮೇತ ಹೆಸರು.

ಶನಿವಾರ ಅದನ್ನು ನಾನೇ ಓದಿದೆ. ಓದುವಾಗ ಗಂಟಲು ಕಟ್ಟಿತು. ತಪ್ಪಾಯಿತು, ಇನ್ನು ಹೆಸರೇ ಕರೆಯುತ್ತೇನೆ ಎಂದೆ. ಆ ಹುಡುಗಿ ಎದ್ದು ನಿಂತು, "ಈಗ ಅಳಿಸಿಬಿಡ್ಲಾ ಸಾರ್?" ಎಂದಳು.

"ಬೇಡಮ್ಮ, ಇರಲಿ."