ಮರಿಯಮ್ಮನವರ ಹೆಸರಿನ ದ್ವೀಪ: ಪ್ರವಾಸಕ್ಕೆ ಹೊರಡುವ ಮುನ್ನ ಒಂದಿಷ್ಟು ಚರಿತ್ರೆ



ಈ ಸಲದ ಯುವ ಪ್ರವಾಸ ಎಲ್ಲಿಗೆ ಎಂಬ ಮಾತು ಬಂದಾಗ ಹೆಚ್ಚಿನವರು ಕೇಳಿದ್ದು ಒಂದೇ: ಬೆಳಿಗ್ಗೆ ಜಲಪಾತ, ಮಧ್ಯಾಹ್ನ ಸಮುದ್ರ. ಅದಕ್ಕೆ ಸರಿಹೊಂದುವ ದಾರಿ ಕರ್ನಾಟಕದ ಕರಾವಳಿಯಲ್ಲಿದೆ. ರಾತ್ರಿ ಬಸ್ಸು ಹತ್ತಿ ಬಳ್ಳಾರಿ, ಶಿವಮೊಗ್ಗ ದಾಟಿ ಆಗುಂಬೆ ಘಾಟಿ ಇಳಿದರೆ ಹೆಬ್ರಿಯ ಹತ್ತಿರ ಕೂಡ್ಲು ತೀರ್ಥ ಜಲಪಾತ. ಅಲ್ಲಿಂದ ಉಡುಪಿ ದಾಟಿದರೆ ಮಲ್ಪೆ ಬಂದರು. ಮಲ್ಪೆಯಿಂದ ದೋಣಿಯಲ್ಲಿ ಸುಮಾರು 6 ಕಿ.ಮೀ. ದೂರದಲ್ಲಿ ಸೇಂಟ್ ಮೇರೀಸ್ ದ್ವೀಪ. ಸ್ಥಳ ಬಲ್ಲ ಗೈಡ್ ಜೊತೆಗಿದ್ದರೆ ಒಂದೇ ಹಗಲಿನಲ್ಲಿ ಎರಡನ್ನೂ ನೋಡಬಹುದು.

"ಅಣ್ಣಾ, ಆ ದ್ವೀಪಕ್ಕೆ ನಮ್ಮ ಮಾತೆ ಮರಿಯಮ್ಮನವರ ಹೆಸರು ಹೇಗೆ ಬಂತು?" ಎಂದು ನಮ್ಮ ಗುಂಪಿನ ಒಬ್ಬ ತಂಗಿ ಕೇಳಿದಳು. "ವಾಸ್ಕೋ ಡ ಗಾಮ ಇಟ್ಟ ಹೆಸರು" ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೆ ಆ ಒಂದು ಸಾಲಿನ ಉತ್ತರದ ಹಿಂದೆ ನಾವು ತಿಳಿಯಲೇಬೇಕಾದ ದೊಡ್ಡ ಕಥೆಯಿದೆ. "ನಿಮ್ಮ ಧರ್ಮ ಹಡಗಿನಲ್ಲಿ ಬಂದದ್ದಲ್ಲವೇ?" ಎಂಬ ಮಾತನ್ನು ಕಾಲೇಜಿನಲ್ಲೋ ಕೆಲಸದ ಜಾಗದಲ್ಲೋ ನಮ್ಮಲ್ಲಿ ಹಲವರು ಕೇಳಿಸಿಕೊಂಡಿದ್ದೇವೆ. ಅದಕ್ಕೆ ಸಿಟ್ಟಾಗದೆ, ನಾಚದೆ, ಸತ್ಯವಾದ ಉತ್ತರ ಕೊಡಬೇಕಾದರೆ ಈ ದ್ವೀಪದ ಚರಿತ್ರೆ ಗೊತ್ತಿರಬೇಕು.

ಒಂದೇ ಮಳೆ, ಎರಡು ಸಮುದ್ರ

ಮೊದಲು ಜಲಪಾತದಿಂದ ಶುರುಮಾಡೋಣ. ನಮ್ಮ ಆದೋನಿ, ಉರುಕುಂದ ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸಿನಲ್ಲಿ ಮಳೆ ಬಿದ್ದರೆ ರೈತರು ನಿಟ್ಟುಸಿರು ಬಿಡುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ನಮಗೆ ಹತ್ತು ವರ್ಷದಲ್ಲಿ ಬೀಳುವ ಮಳೆ ಅಲ್ಲಿ ಒಂದೇ ವರ್ಷಕ್ಕೆ ಬೀಳುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮಘಟ್ಟಕ್ಕೆ ತಡೆದು, ಮೇಲೇರಿ, ತಣ್ಣಗಾಗಿ ಅಲ್ಲಿಯೇ ಮಳೆಯಾಗುತ್ತವೆ. ಅಷ್ಟೆಲ್ಲ ಸುರಿದು ಉಳಿದದ್ದು ನಮ್ಮ ಪಾಲಿಗೆ.

ಹಾಗೆಂದು ಆ ಮಳೆ ನಮ್ಮದಲ್ಲ ಎನ್ನುವಂತಿಲ್ಲ. ಘಟ್ಟದ ನೆತ್ತಿಯಲ್ಲಿ ಪೂರ್ವದ ಇಳಿಜಾರಿಗೆ ಬಿದ್ದ ನೀರು ತುಂಗೆಯನ್ನು ಸೇರುತ್ತದೆ. ಮುಂದೆ ತುಂಗಭದ್ರೆಯಾಗಿ ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಲ್ಲಿ ಆದೋನಿ ಕಡೆಯ ಹೊಲಗಳಿಗೂ ಬರುತ್ತದೆ. ಹೊಳೆಯಲ್ಲಿ ಉಳಿದದ್ದು ಮಂತ್ರಾಲಯದ ಪಕ್ಕ ಹರಿದು, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದ ನೀರು ಸೀತಾ ನದಿಯಾಗಿ, ಕೂಡ್ಲು ತೀರ್ಥದಲ್ಲಿ ಧುಮುಕಿ, ಕೆಲವೇ ಗಂಟೆಗಳಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ನಾವು ನೋಡಲು ಹೋಗುವ ಜಲಪಾತ ನಮ್ಮ ಕಾಲುವೆಯ ನೀರಿಗೆ ಒಡಹುಟ್ಟಿದ್ದು.

ಆದೋನಿಗೂ ಆ ಬಂದರಿಗೂ ಏನು ನಂಟು?

ಸೀತಾ ನದಿ ಸಮುದ್ರ ಸೇರುವ ಮುಂಚೆ ಬಾರಕೂರಿನ ಪಕ್ಕ ಹಾಯುತ್ತದೆ. ಇಂದು ಬಾರಕೂರು ಸಣ್ಣ ಊರು. ಒಂದು ಕಾಲದಲ್ಲಿ ಅದು ಆಳುಪ ಅರಸರ ರಾಜಧಾನಿ. 14ನೇ ಶತಮಾನದಲ್ಲಿ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ ಅದನ್ನು ಫಾಕನೂರ್ ಎಂದು ಕರೆದಿದ್ದಾನೆ. ಮುಂದೆ ವಿಜಯನಗರದ ಅರಸರು ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ ಆಳಿದರು.

ಇತ್ತ ನಮ್ಮ ಆದೋನಿಯ ಬೆಟ್ಟದ ಕೋಟೆಯೂ ಅದೇ ವಿಜಯನಗರದ ಮುಖ್ಯ ಕೋಟೆಗಳಲ್ಲಿ ಒಂದು. 1565ರ ತಾಳಿಕೋಟೆ ಯುದ್ಧದ ನಂತರವೇ ಅದು ಬಿಜಾಪುರದವರ ಕೈಸೇರಿದ್ದು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್, ಪರ್ಷಿಯಾ ಕಡೆಯಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಇಳಿದು, ಘಟ್ಟ ಹತ್ತಿ ಬಯಲುಸೀಮೆಗೆ ಬರುತ್ತಿದ್ದವು. ಕರಾವಳಿಯ ಅಕ್ಕಿ, ಘಟ್ಟದ ಮೆಣಸು ಹೊರಗೆ ಹೋಗುತ್ತಿದ್ದವು. ನಮ್ಮ ಬಸ್ಸು ಇಳಿಯುವ ಘಟ್ಟವನ್ನು ಜನ, ಎತ್ತು, ಕುದುರೆಗಳು ನೂರಾರು ವರ್ಷ ಹತ್ತಿ ಇಳಿದಿವೆ. ಯುರೋಪಿನ ಹಡಗು ಬರುವ ಮೊದಲೇ ಇದು ಲೋಕದೊಡನೆ ವ್ಯಾಪಾರ ಮಾಡುತ್ತಿದ್ದ ನಾಡು ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಕಥೆ ಓದಿ.

ಹೆಸರಿಗಿಂತ ಹಳೆಯ ಕಲ್ಲು

ಸೇಂಟ್ ಮೇರೀಸ್ ಎನ್ನುವುದು ಒಂದೇ ದ್ವೀಪವಲ್ಲ. ಉತ್ತರ ದಕ್ಷಿಣವಾಗಿ ಸಾಲುಗಟ್ಟಿದ ನಾಲ್ಕು ಮುಖ್ಯ ದ್ವೀಪಗಳು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ಕೋಕೋನಟ್ ದ್ವೀಪದಲ್ಲಿ. ಇನ್ನೊಂದರ ಹೆಸರು ದರಿಯಾ ಬಹದ್ದೂರ್‌ಗಡ. ಅಲ್ಲಿ ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ್ದ. ಸ್ಥಳೀಯ ಮೀನುಗಾರರು ಈ ದ್ವೀಪಗಳನ್ನು ಹತ್ತಿರದ ತೋನ್ಸೆ ಊರಿನ ಹೆಸರು ಸೇರಿಸಿ ತೋನ್ಸೆಪಾರ್ ಎನ್ನುತ್ತಾರೆ. ಇಲ್ಲಿ ಯಾರೂ ವಾಸವಿಲ್ಲ.

ಮರಳಿನ ಬೀಚ್ ಹುಡುಕಿಕೊಂಡು ಹೋದವರಿಗೆ ಅಲ್ಲಿ ಕಾಣುವುದು ಚಿಪ್ಪುಗಳ ರಾಶಿ ಮತ್ತು ಕಲ್ಲಿನ ಕಂಬಗಳು. ಯಾರೋ ಕೆತ್ತಿ ಜೋಡಿಸಿದಂತೆ ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಭೂಮಿಯೊಳಗಿಂದ ಬಂದ ಲಾವಾ ಮೇಲಿನಿಂದ ತಣ್ಣಗಾಗುತ್ತ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡುತ್ತದೆ. ಕೆರೆ ಒಣಗಿದಾಗ ಕಪ್ಪು ಮಣ್ಣು ಬಿರಿಯುವುದನ್ನು ನಾವೆಲ್ಲ ನೋಡಿದ್ದೇವಲ್ಲ, ಹಾಗೆಯೇ. ಲಾವಾದಲ್ಲಿ ಆ ಬಿರುಕು ಕೆಳಗಿನವರೆಗೂ ಇಳಿದು ಕಂಬಗಳಾಗುತ್ತವೆ. ಈ ಕಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು ಬೇರೆಯಾದ ಕಾಲದ ಸಾಕ್ಷಿ ಅವು. ಅದಕ್ಕೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ನೆನಪಿಗೆ ಒಂದು ಕಲ್ಲನ್ನೂ ತರಬಾರದು.

ಆದೋನಿಯವರು ಹೆಮ್ಮೆಪಡುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಬೆಟ್ಟದ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ದ್ವೀಪದ ಕಲ್ಲು ನಮ್ಮ ಬಂಡೆಯ ಮುಂದೆ ಇನ್ನೂ ಕೂಸು!

1498ರಲ್ಲಿ ನಡೆದದ್ದೇನು?

ಈಗ ಹೆಸರಿನ ವಿಷಯಕ್ಕೆ ಬರೋಣ. ವಾಸ್ಕೋ ಡ ಗಾಮ ಮೊದಲು ಈ ದ್ವೀಪಕ್ಕೆ ಇಳಿದು, ಶಿಲುಬೆ ನೆಟ್ಟು, ಆಮೇಲೆ ಕೇರಳಕ್ಕೆ ಹೋದ ಎಂದು ಹಲವರು ಹೇಳುತ್ತಾರೆ. ಆ ಪ್ರಯಾಣದಲ್ಲಿ ಜೊತೆಗಿದ್ದ ಒಬ್ಬನ ದಿನಚರಿ ಉಳಿದಿದೆ. 2013ರಲ್ಲಿ ಯುನೆಸ್ಕೋ ಅದನ್ನು ವಿಶ್ವದ ನೆನಪು ಪಟ್ಟಿಗೆ ಸೇರಿಸಿತು. ಅದರ ಪ್ರಕಾರ ಕ್ರಮ ತಿರುಗುಮುರುಗು. ಗಾಮ 1498ರ ಮೇ ತಿಂಗಳಲ್ಲಿ ನೇರವಾಗಿ ಕೋಳಿಕ್ಕೋಡ್ ಹತ್ತಿರ ಬಂದ. ಅಲ್ಲಿನ ಸಾಮೂದಿರಿ ರಾಜನೊಡನೆ ವ್ಯವಹಾರ ಕೆಟ್ಟು, ಆಗಸ್ಟ್ ಕೊನೆಗೆ ಕೆಲವು ಸ್ಥಳೀಯರನ್ನು ಒತ್ತೆಯಾಳಾಗಿ ಇಟ್ಟುಕೊಂಡೇ ಹೊರಟ. ಉತ್ತರಕ್ಕೆ ಸಾಗುವಾಗ ಸೆಪ್ಟೆಂಬರ್‌ನಲ್ಲಿ ದಡದಿಂದ ಸ್ವಲ್ಪ ದೂರದ ಪುಟ್ಟ ದ್ವೀಪಗಳ ಬಳಿ ನಿಂತ. ಇತಿಹಾಸಕಾರರು ಗುರುತಿಸುವುದು ಮಲ್ಪೆಯ ಈ ದ್ವೀಪಗಳನ್ನು.

ಪೋರ್ಚುಗಲ್‌ನ ರಾಜ ಮೂರು ಕಲ್ಲುಕಂಬಗಳನ್ನು ಕೊಟ್ಟು ಕಳಿಸಿದ್ದ. ಅವುಗಳಿಗೆ ಸಂತ ರಫಾಯೇಲ, ಸಂತ ಗಬ್ರಿಯೇಲ, ಸಂತ ಮರಿಯ ಎಂದು ಮೊದಲೇ ಹೆಸರಿಟ್ಟಾಗಿತ್ತು. ಒಂದನ್ನು ಆಫ್ರಿಕದ ತೀರದಲ್ಲಿ, ಇನ್ನೊಂದನ್ನು ಕೋಳಿಕ್ಕೋಡಿನಲ್ಲಿ ನೆಟ್ಟಾಗಿತ್ತು. ಉಳಿದ ಮೂರನೆಯದು ಈ ದ್ವೀಪಕ್ಕೆ ಬಂತು. ಅಂದರೆ ಇಲ್ಲಿ ಮಾತೆಯ ದರ್ಶನವಾಯಿತೆಂದೋ ಯಾರೋ ಹರಕೆ ಹೊತ್ತರೆಂದೋ ಬಂದ ಹೆಸರಲ್ಲ ಇದು. ಕಂಬದ ಹೆಸರೇ ದ್ವೀಪದ ಹೆಸರಾಯಿತು. ಮೇಲೆ ಶಿಲುಬೆ, ಜೊತೆಗೆ ರಾಜನ ಲಾಂಛನ ಇರುತ್ತಿದ್ದ ಇಂಥ ಕಂಬ ಪ್ರಾರ್ಥನೆಯ ಗುರುತೂ ಹೌದು, "ನಾವು ಇಲ್ಲಿಗೆ ಬಂದೆವು, ಇದು ನಮ್ಮ ಲೆಕ್ಕಕ್ಕೆ" ಎಂಬ ರಾಜನ ಗುರುತೂ ಹೌದು.

ದಿನಚರಿಯ ಮುಂದಿನ ಸಂಗತಿ ಇನ್ನೂ ಸ್ವಾರಸ್ಯಕರ. ಮೀನುಗಾರರು ದೋಣಿಗಳಲ್ಲಿ ಮೀನು ತಂದರು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ. ದ್ವೀಪದಲ್ಲಿ ಕಂಬ ನೆಟ್ಟರೆ ನಿಮಗೆ ಸಂತೋಷವೇ ಎಂದು ಕೇಳಿದ. ಅವರು ಬಹಳ ಸಂತೋಷ ಎಂದರಂತೆ. ನೀವೂ ನಮ್ಮ ಹಾಗೆ ಕ್ರೈಸ್ತರು ಎಂಬುದಕ್ಕೆ ಅದು ಗುರುತಾಗುತ್ತದೆ ಎಂದರಂತೆ. ಇದು ಹೇಗೆ ಸಾಧ್ಯ? ಭಾರತದಲ್ಲಿ ಮುಸ್ಲಿಮರಲ್ಲದವರೆಲ್ಲ ಒಂದು ಬಗೆಯ ಕ್ರೈಸ್ತರೇ ಎಂದು ಆ ಮೊದಲ ಪ್ರಯಾಣದಲ್ಲಿ ಪೋರ್ಚುಗೀಸರು ನಂಬಿದ್ದರು. ಕೋಳಿಕ್ಕೋಡಿನಲ್ಲಿ ದೇವಸ್ಥಾನವೊಂದನ್ನು ಚರ್ಚ್ ಎಂದುಕೊಂಡು ಒಳಗೆ ಹೋಗಿ ಪ್ರಾರ್ಥಿಸಿದ್ದರು. ಹಡಗಿನ ದುಭಾಷಿಗಳು ಬಲ್ಲದ್ದು ಮುಖ್ಯವಾಗಿ ಅರಬ್ಬಿ. ಈ ತೀರದ ಮೀನುಗಾರರ ಮಾತು ತುಳು. ಮಲ್ಪೆಯ ಆ ಮೀನುಗಾರರು ನಿಜವಾಗಿ ಏನು ಹೇಳಿದರೆಂದು ಅವರ ಮಾತಿನಲ್ಲಿ ಬರೆದಿಟ್ಟವರಿಲ್ಲ. ಕೇಳುವವರು ತಮಗೆ ಬೇಕಾದದ್ದನ್ನು ಕೇಳಿಸಿಕೊಂಡರು. ಒಂದು ಮಾತ್ರ ನಿಜ: ಗುರುತಿಲ್ಲದ ಪರದೇಶಿಗಳಿಗೆ ಅವರು ಮೀನು ತಂದುಕೊಟ್ಟರು.

ಆಮೇಲೆ ನಡೆದದ್ದು ಸಂತೋಷದ ಕಥೆಯಲ್ಲ. 1502ರಲ್ಲಿ ಮತ್ತೆ ಬಂದ ಗಾಮ ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗೊಂದನ್ನು ಹೆಂಗಸರು, ಮಕ್ಕಳು ಒಳಗಿರುವಾಗಲೇ ಸುಡಿಸಿದ. ಮುಂದೆ ಪೋರ್ಚುಗೀಸರ ಪರವಾನಗಿ ಚೀಟಿಯಿಲ್ಲದೆ ನಮ್ಮವರು ಅದೇ ಸಮುದ್ರದಲ್ಲಿ ಹಡಗು ಬಿಡುವಂತಿರಲಿಲ್ಲ. ಕರಾವಳಿಯ ಅರಸರು ಅಕ್ಕಿಯನ್ನು ಕಪ್ಪವಾಗಿ ಕೊಡಬೇಕಾಯಿತು. ಉಳ್ಳಾಲದ ರಾಣಿ ಅಬ್ಬಕ್ಕ ಅವರ ವಿರುದ್ಧ ಹೋರಾಡಿದ್ದು ಇದೇ ಕಾರಣಕ್ಕೆ.

ಇದನ್ನು ಕ್ರೈಸ್ತರಾದ ನಾವು ಹೇಳಲು ಹಿಂಜರಿಯಬೇಕಿಲ್ಲ. ಹೊಸದಾಗಿ ಕಂಡ ನಾಡುಗಳು ಕ್ರೈಸ್ತ ಅರಸರಿಗೆ ಸೇರುತ್ತವೆ ಎಂಬ ವಾದಕ್ಕೆ 15ನೇ ಶತಮಾನದ ಪೋಪರ ಕೆಲವು ಆಜ್ಞಾಪತ್ರಗಳನ್ನು ಆಧಾರವಾಗಿ ಬಳಸಲಾಗಿತ್ತು. ಅಂಥ ಸಿದ್ಧಾಂತ ಕಥೋಲಿಕ ಧರ್ಮಸಭೆಯ ಬೋಧನೆಯಲ್ಲ, ಅದನ್ನು ತಿರಸ್ಕರಿಸುತ್ತೇವೆ ಎಂದು ವ್ಯಾಟಿಕನ್ 2023ರ ಮಾರ್ಚ್ 30ರಂದು ಬಹಿರಂಗವಾಗಿ ಹೇಳಿತು. ಧರ್ಮಸಭೆಯೇ ಹೇಳಿದ ಸತ್ಯವನ್ನು ನಾವು ಮುಚ್ಚಿಡುವುದೇಕೆ?

ಹಾಗಾದರೆ ನಮ್ಮ ವಿಶ್ವಾಸ ಯಾವ ದಾರಿಯಲ್ಲಿ ಬಂತು?

ಆ ಕಂಬದ ದಾರಿಯೊಂದೇ ಅಲ್ಲ. ಗಾಮ ಬರುವ ಸಾವಿರ ವರ್ಷ ಮೊದಲೇ ಕೇರಳದಲ್ಲಿ ಕ್ರೈಸ್ತರಿದ್ದರು. ಕ್ರಿ.ಶ. 52ರಲ್ಲಿ ಸಂತ ತೋಮಾಸರು ಬಂದರೆಂಬುದು ಅವರ ಪರಂಪರೆ. 6ನೇ ಶತಮಾನದ ಕೋಸ್ಮಾಸ್ ಎಂಬ ಲೇಖಕ ಮಲಬಾರಿನಲ್ಲಿ ಕ್ರೈಸ್ತರಿದ್ದುದನ್ನು ದಾಖಲಿಸಿದ್ದಾನೆ. 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 18ನೇ ಶತಮಾನದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳು ರಾಯಲಸೀಮೆಯಲ್ಲಿ ಓಡಾಡಿ ತೆಲುಗು ಕಲಿತರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ದುಡಿದರು. ಆಗ ನಮ್ಮ ಆದೋನಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲೇ. 1953ರಲ್ಲಿ ಆಂಧ್ರ ರಾಜ್ಯವಾದಾಗ ಅದು ಕರ್ನೂಲು ಜಿಲ್ಲೆಗೆ ಸೇರಿತು. ಇವರೆಲ್ಲ ಜನರ ಮಾತು ಕಲಿತು ಬಂದವರು. ನಮ್ಮ ನಮ್ಮ ಮನೆಗಳಿಗೆ ವಿಶ್ವಾಸ ಬಂದ ಕಥೆಯನ್ನು ಮಾತ್ರ ಯಾವ ಪುಸ್ತಕವೂ ಹೇಳುವುದಿಲ್ಲ. ಅದನ್ನು ತಾತ, ಅಜ್ಜಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಕರಾವಳಿಯಲ್ಲೂ ಹಾಗೆಯೇ. ಮರಿಯಳ ಹೆಸರಿನ ಕಂಬ ಇಂದು ದ್ವೀಪದಲ್ಲಿ ಕಾಣುವುದಿಲ್ಲ. ಆದರೆ ಪ್ರತಿ ಸೆಪ್ಟೆಂಬರ್ 8ರಂದು ಉಡುಪಿ, ಮಂಗಳೂರು ಕಡೆಯ ಕ್ರೈಸ್ತರು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ಮೊಂತಿ ಫೆಸ್ತ್ ಎಂದು ಆಚರಿಸುತ್ತಾರೆ. ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ಹಾಕುತ್ತಾರೆ, ಹೊಸ ಬತ್ತದ ತೆನೆಗೆ ಆಶೀರ್ವಾದವಾಗುತ್ತದೆ, ಮನೆಮಂದಿಯೆಲ್ಲ ಕೂತು ಹೊಸ ಅಕ್ಕಿಯ ಊಟ ಮಾಡುತ್ತಾರೆ. ನೆಟ್ಟ ಕಲ್ಲು ಹೋಯಿತು, ಬಿತ್ತಿದ ತೆನೆ ಉಳಿಯಿತು.

ಹೊರಡುವವರಿಗೆ ನಾಲ್ಕು ಮಾತು

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬೇಸಿಗೆಯ ಕೊನೆಗೆ ಜಲಪಾತ ಸೊರಗಿರುತ್ತದೆ. ಎರಡನ್ನೂ ನೋಡಲು ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಕೂಡ್ಲು ತೀರ್ಥ ಸೋಮೇಶ್ವರ ವನ್ಯಜೀವಿಧಾಮದ ಕಾಡಿನಲ್ಲಿದೆ. ಅರಣ್ಯ ಇಲಾಖೆಯ ಅನುಮತಿ ಇದ್ದರೆ ಮಾತ್ರ ಒಳಗೆ ಹೋಗಬೇಕು.

ನಮ್ಮಲ್ಲಿ ಕಾಲುವೆಯಲ್ಲಿ ಈಜಿ ಕಲಿತವರು ಹಲವರಿದ್ದಾರೆ. ಸಮುದ್ರ ಕಾಲುವೆಯಲ್ಲ. ದ್ವೀಪದ ಪಾಚಿಗಟ್ಟಿದ ಬಂಡೆಗಳ ಮೇಲೆ ಫೋಟೋಗಾಗಿ ಹತ್ತಿ ಅಲೆಗೆ ಸಿಕ್ಕಿ ಪ್ರಾಣ ಬಿಟ್ಟವರಿದ್ದಾರೆ. ಜಲಪಾತದ ಕೆಳಗಿನ ಗುಂಡಿಯೂ ಅಷ್ಟೇ ಮೋಸದ್ದು. ಗೈಡ್ ಅಥವಾ ಜೀವರಕ್ಷಕರು ಬೇಡ ಎಂದರೆ ಬೇಡ. ಮಕ್ಕಳನ್ನು ನಮ್ಮ ಮೇಲೆ ನಂಬಿಕೆಯಿಟ್ಟು ಕಳಿಸುವ ತಂದೆತಾಯಿಯರ ಮುಖ ಆಗ ನೆನಪಾಗಲಿ. ದೋಣಿ ನಡೆಸುವ ಮಲ್ಪೆಯವರೊಡನೆ ಮರ್ಯಾದೆಯಿಂದ ಮಾತಾಡಿ. ಅವರಿಗೆ ಆ ನೀರಿನ ಬಗ್ಗೆ ಗೊತ್ತಿರುವುದು ಯಾವ ಪುಸ್ತಕದಲ್ಲೂ ಇಲ್ಲ.

ದ್ವೀಪದಲ್ಲಿ ನಿಂತು ಯಾರಾದರೂ "ಇದು ನಿಮ್ಮ ಮೇರಿಯಮ್ಮನ ದ್ವೀಪವಂತೆ" ಎಂದರೆ ಏನು ಹೇಳಬೇಕೆಂದು ಈಗ ನಿಮಗೆ ಗೊತ್ತಿದೆ. ಹೆಸರನ್ನು ಒಬ್ಬ ಕಪ್ತಾನ ಇಟ್ಟ, ದ್ವೀಪ ಯಾರೊಬ್ಬರದೂ ಅಲ್ಲ, ಅದನ್ನು ಕಾಯಬೇಕಾದವರು ನಾವೆಲ್ಲರೂ. ಎಲ್ಲರೂ ಸುಖವಾಗಿ ಹೋಗಿ, ಸುಖವಾಗಿ ಬನ್ನಿ.