ಮಳೆ ಅಳೆದವರು, ನೀರು ಪರೀಕ್ಷಿಸಿದವರು

ನವೆಂಬರ್ ಒಂದನೆಯ ತಾರೀಖು ಬಂತೆಂದರೆ ನಾವು ಕನ್ನಡಿಗರು ನಾಡಿನ ಅರಸರನ್ನು, ಕವಿಗಳನ್ನು, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ನೆನೆಯುತ್ತೇವೆ. ಅದು ಯೋಗ್ಯವೇ ಸರಿ. ಆದರೆ ನಾಡು ಕಟ್ಟುವ ಕೆಲಸದಲ್ಲಿ ಹೆಸರಿಲ್ಲದೆ ದುಡಿದವರ ಇನ್ನೊಂದು ವರ್ಗವಿದೆ. ಮಳೆಯನ್ನು, ಹೊಳೆಯನ್ನು, ಗಾಳಿಯನ್ನು ಸ್ಥಳಕ್ಕೆ ಹೋಗಿ ಅಳೆದು ಸರಕಾರದ ವಹಿಯಲ್ಲಿ ಬರೆದಿಡುವ ಸಣ್ಣ ನೌಕರರ ವರ್ಗವದು. ಅವರನ್ನು ಇಂದು ಪರಿಸರ ಕ್ಷೇತ್ರ ತಂತ್ರಜ್ಞರೆನ್ನುತ್ತಾರೆ. ಹೆಸರು ಹೊಸದು, ಕೆಲಸ ಬಹಳ ಹಳೆಯದು. ಕೊಂಢವಾದಲ್ಲಿ ನೆಲೆಸಿರುವ ನಮಗಂತೂ ಈ ಕಸುಬಿನ ಇತಿಹಾಸ ದೂರದ ಮಾತಲ್ಲ; ಅದರ ಹಲವು ಅಧ್ಯಾಯಗಳು ನಡೆದದ್ದು ಇದೇ ಪುಣೆಯಲ್ಲಿ.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸರಕಾರಿ ಕಣಜದ ಮುಂದೆ ಒಂದು ಮೊಳ ಅಗಲದ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿದ್ದಾನೆ. ಒಣಪ್ರದೇಶಕ್ಕೆ 16 ದ್ರೋಣ, ಜಲಸಮೃದ್ಧ ಪ್ರದೇಶಕ್ಕೆ 24 ದ್ರೋಣ ಎಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಎಷ್ಟು ಮಳೆಗೆ ಯಾವ ಬಿತ್ತನೆ ಎಂಬುದು ಆ ಅಳತೆಯಿಂದ ತೀರ್ಮಾನವಾಗುತ್ತಿತ್ತು. ನಮ್ಮ ಒಕ್ಕಲಿಗರು ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆಗಳಿಗೆ ಹೆಸರಿಟ್ಟು, ನೆಲದ ಹದ ನೋಡಿ ಬಿತ್ತಿದರು. ಆ ಜ್ಞಾನ ಬೆಲೆಬಾಳುವಂಥದು. ಆದರೆ ಅದು ಅನುಭವಿಯೊಡನೆಯೇ ಅಳಿದುಹೋಗಬಹುದು. ವಹಿಯಲ್ಲಿ ಬರೆದ ಅಂಕಿ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಅದರ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂದಿತು. ಶಿವಾಜಿನಗರದ ಆ ಕಟ್ಟಡವನ್ನು ಜನ ಈಗಲೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುವುದನ್ನು ವಾಚಕರು ಬಲ್ಲರು. 1944ರಲ್ಲಿ ಮುಖ್ಯ ಕಚೇರಿ ದೆಹಲಿಗೆ ಹೋದರೂ ಪುಣೆಯ ಕೆಲಸ ನಿಲ್ಲಲಿಲ್ಲ. ಆ ಕಚೇರಿಯ ಪಂಡಿತರು ಬರೆದ ಗ್ರಂಥಗಳಿಗೆಲ್ಲ ಆಧಾರ ಯಾವುದು? ಎಲ್ಲಿಯೋ ಒಂದು ತಾಲೂಕು ಕಚೇರಿಯ ಅಂಗಳದಲ್ಲಿ, ಮುಂಜಾನೆ 8 ಗಂಟೆ 30 ನಿಮಿಷಕ್ಕೆ ಸರಿಯಾಗಿ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿದ ಗುಮಾಸ್ತನ ಅಂಕಿ! ದಿನಕ್ಕೆ 2.5 ಮಿಲಿಮೀಟರು ಬಿದ್ದರೆ ಅದು ‘ಮಳೆಯ ದಿನ’, ಕಡಿಮೆಯಾದರೆ ಅಲ್ಲ. ಜಡಿಮಳೆಯಲ್ಲಿ ಹೊರಗೆ ಬರಲು ಬೇಸರಪಟ್ಟು ಅವನು ಮನೆಯಲ್ಲಿಯೇ ಕುಳಿತು ಅಂಕಿ ಹೊಸೆದಿದ್ದರೆ, ಮೇಲಿನವರ ಪಾಂಡಿತ್ಯವೆಲ್ಲ ಉಸುಕಿನ ಮೇಲಿನ ಗೋಡೆಯಾಗುತ್ತಿತ್ತು.

ಇಂಥ ಅಂಕಿಗಳ ಬೆಲೆಯನ್ನು ಚೆನ್ನಾಗಿ ಅರಿತವರು ನಮ್ಮ ವಿಶ್ವೇಶ್ವರಯ್ಯನವರು. ಅವರು ಎಂಜಿನಿಯರಿಂಗ್ ಕಲಿತದ್ದು ಪುಣೆಯಲ್ಲಿ. 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದರು. ಮುಂದೆ ಪುಣೆಯ ನೀರಾವರಿಯ ಹೊಣೆ ಹೊತ್ತಾಗ ನೀರಾ ಕಾಲುವೆಯಲ್ಲಿ ಸರದಿಯ ‘ಬ್ಲಾಕ್’ ಪದ್ಧತಿಯನ್ನು ತಂದರು. ಖಡಕವಾಸಲಾದಲ್ಲಿ, ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯಲು, ಪ್ರವಾಹ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ನಿರ್ಮಿಸಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ಹೊಳೆ ಉಕ್ಕಿ ಹೈದರಾಬಾದು ಹಾಳಾದಾಗ, ಮರುವರ್ಷ ಅಲ್ಲಿಗೆ ಹೋದ ಅವರು ಮೊದಲು ಹುಡುಕಿದ್ದು ಮಳೆಯ ಲೆಕ್ಕವನ್ನು. ಸಂಸ್ಥಾನದ ಲೆಕ್ಕ ಸಾಲದಾದಾಗ ನೆರೆಯ ಪ್ರಾಂತಗಳ ಲೆಕ್ಕವನ್ನೂ ತರಿಸಿಕೊಂಡರು. ಆ ಅಭ್ಯಾಸದಿಂದ ಹೊರಟ ಸಲಹೆಯಂತೆ ಉಸ್ಮಾನಸಾಗರ, ಹಿಮಾಯತಸಾಗರಗಳು ಹುಟ್ಟಿದವು. ಎಂಜಿನಿಯರರ ಹೆಸರು ಇತಿಹಾಸದಲ್ಲಿ ಉಳಿಯಿತು. ದಿನದಿನದ ಅಂಕಿ ಬರೆದವರ ಹೆಸರು ಯಾರಿಗೂ ತಿಳಿಯದು.

ಸ್ವಾತಂತ್ರ್ಯಾನಂತರ ಕಾರಖಾನೆಗಳು ಬೆಳೆದಂತೆ, ಎಷ್ಟು ನೀರು ಎಂಬ ಪ್ರಶ್ನೆಯ ಜೊತೆಗೆ ಎಂಥ ನೀರು ಎಂಬ ಪ್ರಶ್ನೆಯೂ ಎದ್ದಿತು. ಮಹಾರಾಷ್ಟ್ರವು 1969ರಲ್ಲಿ ಜಲಮಾಲಿನ್ಯದ ಕಾಯದೆ ಮಾಡಿ 1970ರಲ್ಲಿ ಮಂಡಳಿಯನ್ನು ಸ್ಥಾಪಿಸಿತು. 1974ರಲ್ಲಿ ಕೇಂದ್ರದ ಕಾಯದೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕಕ್ಕೂ ಮಂಡಳಿಯಾಯಿತು. 1981ರಲ್ಲಿ ಗಾಳಿಗಾಗಿ ಕಾಯದೆ. 1984ರ ಭೋಪಾಲದ ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣೆಯ ಕಾಯದೆ. ಹೀಗೆ ಗುಮಾಸ್ತನ ಗಾಜಿನ ಅಳತೆಯ ಪಕ್ಕದಲ್ಲಿ ಕ್ಷೇತ್ರ ತಂತ್ರಜ್ಞನ ಸೀಸೆಯೂ ಬಂದು ಕುಳಿತಿತು.

ಆ ಸೀಸೆಯ ಕೆಲಸ ಸುಲಭವಲ್ಲ. ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ಹೊಳೆಯ ದಂಡೆಯಲ್ಲಿಯೇ ಎರಡು ರಾಸಾಯನಿಕ ದ್ರಾವಣ ಹಾಕಿ ಹಿಡಿದಿಡಬೇಕು; ಪ್ರಯೋಗಶಾಲೆ ಮುಟ್ಟುವತನಕ ಅದು ಕಾಯುವುದಿಲ್ಲ. 1888ರಲ್ಲಿ ಹಂಗೇರಿಯ ವಿಂಕ್ಲರ್ ಕಂಡುಹಿಡಿದ ರೀತಿಯಿದು. ಕಂದು ಗಸಿ ಕಟ್ಟಿದರೆ ನೀರಿನಲ್ಲಿ ಪ್ರಾಣವಾಯು ಉಂಟು. ಗಸಿ ಬಿಳಿಯಾಗಿಯೇ ಉಳಿದರೆ ಅಲ್ಲಿ ಮೀನಿಗೆ ಬದುಕಿಲ್ಲ. ಕಾರಖಾನೆಯ ಮೋರಿಯಿಂದ ಕಾನೂನಿನ ಕ್ರಮಕ್ಕಾಗಿ ನೀರು ತೆಗೆದರೆ, ಮಾಲಿಕನ ಕಡೆಯವರ ಎದುರಿಗೇ ಅದನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕೆಂದು 1974ರ ಕಾಯದೆ ಹೇಳುತ್ತದೆ. ಇಲ್ಲಿ ಆಮಿಷವೂ ಬರಬಹುದು, ಬೆದರಿಕೆಯೂ ಬರಬಹುದು. ಸಣ್ಣ ಸಂಬಳದ ನೌಕರನ ಪ್ರಾಮಾಣಿಕತೆಯ ಮೇಲೆ ಇಡಿಯ ಕಾಯದೆ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಈಗ ನಮ್ಮ ಕೊಂಢವಾದ ಮಾತು. ಬುದ್ರುಕ ಮತ್ತು ಖುರ್ದ, ಅಂದರೆ ನಮ್ಮ ಕಡೆಯ ಹಿರೇ ಮತ್ತು ಚಿಕ್ಕ ಎಂಬಂತೆ, ಇವು ಜೋಡಿ ಹಳ್ಳಿಗಳು. ಇಂದು ಗುಡ್ಡದ ಇಳಿಜಾರಿನವರೆಗೂ ಮನೆಗಳೆದ್ದಿವೆ. 2019ರ ಜೂನ್ 29ರ ನಸುಕಿನಲ್ಲಿ, ಮಳೆಗೆ ನೆಂದ ಗೋಡೆಯೊಂದು ಕೂಲಿಕಾರರ ಗುಡಿಸಲುಗಳ ಮೇಲೆ ಕುಸಿದು 15 ಜನ ತೀರಿಕೊಂಡರು, ಮಕ್ಕಳೂ ಇದ್ದರು. ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ಅವರು. ಅದೇ ವರ್ಷ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜದ ಕಡೆಯಿಂದ ಬರುವ ಆಂಬೀಲ ಓಢಾ ಉಕ್ಕಿ ಮತ್ತೆ ಜೀವಗಳು ಹೋದವು. ಗೋಡೆಯನ್ನು ಅಂಕಿಗಳು ಹಿಡಿದು ನಿಲ್ಲಿಸಲಾರವು, ನಿಜ. ಆದರೆ ನೆಲ ಎಷ್ಟು ನೆನೆದಿದೆ, ಹಳ್ಳ ಎಷ್ಟು ಏರಿದೆ ಎಂಬುದನ್ನು ಯಾರಾದರೂ ಅಳೆದು, ಇನ್ನೊಬ್ಬರು ಅದನ್ನು ಓದಿ, ಮೂರನೆಯವರು ಜನರನ್ನು ಎಬ್ಬಿಸಿದರೆ ಜೀವ ಉಳಿದೀತು. ಈ ಸರಪಳಿಯ ಮೊದಲ ಕೊಂಡಿಯೇ ನಮ್ಮ ಅಳತೆಗಾರ.

ತಾವಾಗಿಯೇ ಅಳೆದು ಸುದ್ದಿ ಕಳಿಸುವ ಯಂತ್ರಗಳು ಇಂದು ಬಂದಿವೆ, ಸಂತೋಷವೇ. ಆದರೆ ಮಾಪಕದ ಬಾಯಿಗೆ ಒಂದು ಎಲೆ ಅಡ್ಡ ಬಿದ್ದರೆ ಯಂತ್ರವು ಮಳೆಯನ್ನೇ ಸುಳ್ಳು ಮಾಡುತ್ತದೆ. ಆ ಎಲೆಯನ್ನು ತೆಗೆಯಲು ಮನುಷ್ಯನೇ ಹೋಗಬೇಕು.

ನಮ್ಮ ಮಕ್ಕಳು ಎಂಜಿನಿಯರರಾಗಲಿ, ಡಾಕ್ಟರರಾಗಲಿ ಎಂದು ನಾವೆಲ್ಲ ಹಾರೈಸುತ್ತೇವೆ. ಅವರಲ್ಲಿ ಯಾರಾದರೂ ಸೀಸೆ ಹಿಡಿದು ಹೊಳೆಯ ದಂಡೆಗೆ ಹೋಗುವ ಸರಕಾರಿ ಕೆಲಸ ಹಿಡಿದರೆ, ಅದನ್ನು ಕೀಳೆಂದು ಎಣಿಸದಿರೋಣ. ಈ ನಗರದ ನೀರು ಕುಡಿದು, ಇದರ ಗಾಳಿಯನ್ನುಂಡು ಬಾಳುತ್ತಿರುವ ನಾವು ಈ ನೆಲದ ಋಣ ತೀರಿಸಬೇಕಾಗಿದೆ. ಕಂಡದ್ದನ್ನು ಕಂಡಂತೆ, ಆಯಾ ದಿನವೇ ಬರೆದಿಡುವ ನೌಕರನು ಆ ಋಣವನ್ನು ನಮ್ಮೆಲ್ಲರ ಪರವಾಗಿ ತೀರಿಸುತ್ತಿರುತ್ತಾನೆ.