ಊರಿನಿಂದ ಒಂದು ಇತಿಹಾಸ, ಭಾಗ 4: ಅಡ್ವಾನ್ಸಲ್ಲಿ ಬಣ್ಣದ ದುಡ್ಡು ಹಿಡ್ಕೋಬಹುದಾ?

ಫೋಟೋದಲ್ಲಿರೋದು ನಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ. 12ನೇ ಶತಮಾನದ ಆರಂಭದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಒಂಬೈನೂರು ವರ್ಷ ಮಳೆ ಬಿಸಿಲು ಕಂಡ ಕಲ್ಲು ಸವೆಯುತ್ತೆ. ಅದಕ್ಕೆ ಬಂದು ಹೋದವರ ಹತ್ರ ಯಾರೂ ದುಡ್ಡು ಕೇಳಲ್ಲ. ಕಲ್ಲು ಒಡೆದ್ರೆ ಮಾತ್ರ ಬಿಡಲ್ಲ.

ಬಾಡಿಗೆ ಮನೆ ಕಾನೂನೂ ಹೆಚ್ಚುಕಮ್ಮಿ ಹೀಗೇ ಇದೆ. ನನಗೆ ಗೊತ್ತಾಗಿದ್ದು ತಡವಾಗಿ.

ಹಾಸನದಲ್ಲಿ ಎರಡು ವರ್ಷ ಮೂರು ಜನ ಒಂದು ರೂಮಲ್ಲಿದ್ವಿ. 20,000 ಅಡ್ವಾನ್ಸಲ್ಲಿ ನನ್ನ ಪಾಲು ಅಪ್ಪ ಆಲೂಗೆಡ್ಡೆ ಮಾರಿದ ದುಡ್ಡು. ಖಾಲಿ ಮಾಡುವಾಗ ಓನರ್ ಕಿಟಕಿ ಗಾಜಿಗೆ 600, ಬಣ್ಣಕ್ಕೆ 5,000 ಹಿಡ್ಕೊಂಡ್ರು. ಗಾಜು ಒಡೆದಿದ್ದು ನಾವೇ, ಒಪ್ಪಿದ್ವಿ. ಆದ್ರೆ ಗೋಡೆ ಬರೀ ಮಾಸಿತ್ತು.

1882ರ ಆಸ್ತಿ ವರ್ಗಾವಣೆ ಕಾಯ್ದೆ ತೆಗೆದು ನೋಡಿದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ಜಾರಿಯಲ್ಲಿದೆ. ಅದರ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೇನ ಬಂದಾಗ ಇದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದ್ರೆ ಸಹಜ ಬಳಕೆಯಿಂದ ಆದ ಸವೆತ ಅವನ ಲೆಕ್ಕಕ್ಕೆ ಬರಲ್ಲ.

ಆಮೇಲೆ ನಮ್ಮ ರಾಜ್ಯದಲ್ಲಿ 1961ರಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದರ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಾಯ್ತು. ಆದ್ರೆ ತಿಂಗಳ ಬಾಡಿಗೆ, ಜಾಗ ನೋಡಿ, 2,000 ಅಥವಾ 3,500 ದಾಟಿದ ಮನೆಗಳು ಅದರಿಂದ ಹೊರಗೆ. ಹಾಗಾಗಿ ನಮ್ಮಂಥವರಿಗೆ ಉಳಿಯೋದು ಹಳೇ 1882ರ ಕಾಯ್ದೆ ಮತ್ತು ಕೈಲಿರೋ ಅಗ್ರಿಮೆಂಟ್.

2021ರ ಜೂನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ವೈರಿಂಗ್ ಓನರ್ ಪಾಲು. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿ ಗಾಜು ಬಾಡಿಗೆದಾರನ ಪಾಲು. ಆದ್ರೆ ಅದು ಬರೀ ಮಾದರಿ, ರಾಜ್ಯ ತನ್ನದಾಗಿ ಮಾಡ್ಕೊಂಡ್ರೆ ಮಾತ್ರ ಕಾನೂನು.

ಇಷ್ಟೆಲ್ಲಾ ಓದ್ಕೊಂಡು ಓನರ್ ಹತ್ರ ಹೋದೆ. ಅವರು ಅಗ್ರಿಮೆಂಟ್ ತೆಗೆದು ತೋರಿಸಿದ್ರು: 'ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ'. ಕೆಳಗೆ ನಮ್ಮ ಮೂರೂ ಜನರ ಸಹಿ. ಬೇರೆ ಒಪ್ಪಂದ ಇದ್ರೆ 1882ರ ಆ ನಿಯಮ ಅದಕ್ಕೆ ದಾರಿ ಬಿಡುತ್ತೆ. ಸುಮ್ನೆ ವಾಪಸ್ ಬಂದೆ.

ಈ ಸಲ ಹಾಸನದಲ್ಲಿ ರೂಮ್ ಹುಡುಕ್ತಿರೋ ಜೂನಿಯರ್‌ಗಳೇ, ಸಹಿ ಹಾಕೋ ಮುಂಚೆ ಆ ಪೇಂಟಿಂಗ್ ಸಾಲು ಓದಿ, ಬೇಡ ಅಂತ ಕೇಳಿ. ಮೊದಲ ದಿನವೇ ಗೋಡೆ, ಕಿಟಕಿ, ನಲ್ಲಿ ಎಲ್ಲದರ ಫೋಟೋ ತೆಗೆದಿಡಿ. ಏನೇ ಹಿಡ್ಕೊಂಡ್ರೂ ಬಿಲ್ ಕೇಳಿ.

#ದೊಡ್ಡಗದ್ದವಳ್ಳಿ #ಹಾಸನ #ಬಾಡಿಗೆಮನೆ #ಅಡ್ವಾನ್ಸ್